ಮೊದಲು ಕಬ್ಬಿಣ ಮುಟ್ಟು

ಮದುವೆ ಛತ್ರದಿಂದ ನೇರ ಬಂದೆ.
ಮೈಮೇಲೆ ಅಕ್ಕನ ಸೀರೆ, ಬದನೆ ಬಣ್ಣದ್ದು,
ನೂಲು ನಮ್ಮೂರದ್ದೇ ಇರಬೇಕು, ನೇಯ್ದವರು ಯಾರೋ.
ಫೋನಿನಲ್ಲಿ ಮಾರುಕಟ್ಟೆಯ ಗುಮಾಸ್ತ ಸೊಣ್ಣಪ್ಪ:
'ಮೂರು ಸಲ ಕೂಗುತ್ತೆ, ಆಮೇಲೆ ಬರೀ ಕಪ್ಪು.
ಹತ್ತಕ್ಕೆ ಹರಾಜು. ನೂರು ಲಾಟು ಗೂಡು ಬಂದು ಕೂತಿದೆ,
ನೀನು ಬರೋದ್ರೊಳಗೆ ಚಿಟ್ಟೆ ಎದ್ದು ಹಾರಿಹೋಗುತ್ತೆ ಕಣಮ್ಮ.'

ಶಿಡ್ಲಘಟ್ಟದ ಮಾಘದ ಗಾಳಿ, ಒಣ ಒಣ.
ಸ್ಕೂಟರ್ ಇಳಿಯುವಾಗ ಸೆರಗು ಚಟಚಟ ಅಂತು.
ಬೇರೆಯವರಿಗೆ ಅದು ರೇಷ್ಮೆಯ ಸದ್ದು.

ವೈರು ಕಿತ್ತೆ. ಗುಂಡಿ ಒತ್ತಿ ಹಿಡಿದೆ,
ಒಳಗೆ ಉಳಿದದ್ದು ಹೋಗಲಿ ಅಂತ.
ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ಕಳಚಿ
ಸೊಣ್ಣಪ್ಪನ ಮೇಜಿನ ಮೇಲಿಟ್ಟು
'ಎಣಿಸಿಕೊಳ್ಳಿ, ಹನ್ನೆರಡು' ಅಂದೆ.
ಆಮೇಲೆ ಎಡಗೈ, ಡಬ್ಬದ ಬರಿ ತಗಡಿನ ಮೇಲೆ,
ಬಣ್ಣ ಬಳಿಯದ ಕಡೆ.

ನೂರುಲ್ಲಾ ಸಾಹೇಬರ ಅಂಗಡಿಯಲ್ಲಿ ಮೊದಲ ಪಾಠ ಇದೇ.
'ಮೊದಲು ಕಬ್ಬಿಣ ಮುಟ್ಟು ಬೇಟಾ, ಆಮೇಲೆ ಕಾರ್ಡು.'
ನನಗೆ ನಗು. ಹುಳುವಿನ ಮನೆ ಬಾಗಿಲಲ್ಲಿ ಅಮ್ಮನದೂ ಹೀಗೇ:
ಕೈ ತೊಳಿ, ಕಾಲು ತೊಳಿ, ಸುಣ್ಣ ತುಳಿದು ಬಾ,
ಸೆಂಟು ಹಾಕಿದ್ದರೆ ಅಲ್ಲೇ ಇರು.
ಎಲ್ಲ ಕಸುಬಿಗೂ ಒಂದು ಮಡಿ ಅಂದುಕೊಂಡು
ಮುಟ್ಟದೆ ಎತ್ತಿಕೊಂಡೆ,
ಯಾವುದೋ ಶಾಲೆಯ ಕಂಪ್ಯೂಟರಿನ ಹಸಿರು ಪಟ್ಟಿ.
ಏನೂ ಆಗಲಿಲ್ಲ. ಕಿಡಿಯಿಲ್ಲ, ಹೊಗೆಯಿಲ್ಲ,
ಬೆರಳಿಗೆ ಚುರುಕ್ಕೂ ಅನ್ನಲಿಲ್ಲ.
ಸಂಜೆ ಹಾಕಿ ನೋಡಿದರೆ ಸತ್ತಿತ್ತು.

ಸಾಹೇಬರು ಬೈಯಲಿಲ್ಲ, ಸಂಬಳದಲ್ಲಿ ಹಿಡಿಯಲೂ ಇಲ್ಲ.
ಕನ್ನಡಕ ಒರೆಸುತ್ತ ಅಂದರು:
'ನಿನ್ನ ಕೈಗೆ ಗೊತ್ತಾಗಬೇಕಾದರೆ ಮೂರು ಸಾವಿರ ವೋಲ್ಟು ಬೇಕು.
ಇದು ಸಾಯೋಕೆ ನೂರು ಸಾಕು.
ನಡುವಿನದೆಲ್ಲ ನೀನೇ ಕೊಡೋದು, ನಿನಗೇ ಗೊತ್ತಾಗಲ್ಲ.'

ಎರಡು ಕಡೆಯ ಕೊಂಡಿ ಒತ್ತಿದೆ, ಪಟ್ಟಿ ತಾನೇ ಎದ್ದಿತು.
ಹಣ್ಣು ಹುಳುವನ್ನು ಚಂದ್ರಿಕೆಗೆ ಬಿಡುವಾಗ ಹಿಡಿಯುತ್ತೇವಲ್ಲ,
ಬೆರಳು ಇದ್ದೂ ಇಲ್ಲದ ಹಾಗೆ,
ಅಂಚಿನಲ್ಲಿ ಹಿಡಿದೆ.
ಚಿನ್ನದ ಹಲ್ಲುಸಾಲು ಮಂಕಾಗಿತ್ತು.
ಈ ಊರಿನ ಧೂಳೂ ಎಳೆ ಎಳೆಯೇ:
ಫ್ಯಾನಿಗೆ ಸುತ್ತಿ ಸುತ್ತಿ
ಡಬ್ಬದೊಳಗೇ ಒಂದು ಗೂಡು.

'ರಬ್ಬರು ಇದೆಯಾ?'
ಮೊಮ್ಮಗನದು ಕೊಟ್ಟ ಸೊಣ್ಣಪ್ಪ, ಆನೆ ಆಕಾರದ್ದು.
ಸೊಂಡಿಲಿನಿಂದ ಉಜ್ಜಿದೆ, ಒಂದೇ ದಿಕ್ಕಿಗೆ.
ಕಿಟಕಿಯ ಹೊರಗಿಂದ ರೀಲರೊಬ್ಬ 'ಹೋಗಯಾ?' ಅಂದ,
ಗೂಡು ತಂದವನೊಬ್ಬ 'ಅಯ್ಯಿಂದಾ ಅಮ್ಮಣ್ಣೀ?'
ಆಗಿರಲಿಲ್ಲ.

ಕಚ್ಚು ನೋಡಿ ಇಟ್ಟು ಎರಡೂ ಹೆಬ್ಬೆರಳು ಊರಿದೆ.
ಈ ಜಾಗದಲ್ಲಿ ಕಲಿಯುವವರೆಲ್ಲ ಹೆದರುತ್ತಾರೆ.
ಇಷ್ಟು ಹೊತ್ತು ಮೆತ್ತಗಿದ್ದ ಕೈ
ಈಗ ಮುರಿದೇ ಹೋಯಿತು ಅನ್ನುವಷ್ಟು ಒತ್ತಬೇಕು.
ಟಕ್.
ಆ ಕಡೆಯೂ ಟಕ್.

ಒಂದೇ ಸಲ ಕೂಗಿತು.
ಪರದೆ ಮೇಲೆ ಲಾಟಿನ ನಂಬರು ಇಳಿಯತೊಡಗಿದವು,
ಸೊಣ್ಣಪ್ಪ ಬಳೆ ಎಣಿಸಿದ: ಹನ್ನೊಂದು.
ಇನ್ನೊಂದು ರಿಜಿಸ್ಟರಿನ ಕೆಳಗೆ ಸಿಕ್ಕಿತು.

ನಿನ್ನೆ ರಾತ್ರಿ ಟ್ರಂಕಿನಿಂದ ಸೀರೆ ತೆಗೆದು
ಮಡಿಕೆ ಸವರುತ್ತ ಅಕ್ಕ 'ಜೋಪಾನ' ಅಂದಳು.
'ನೀನೆಲ್ಲಿ ಉಡ್ತೀಯ ಇನ್ನು, ಬಿಡು' ಅಂದೆ.
ಭಾವ ಹೋಗಿ ಹದಿನಾಲ್ಕು ತಿಂಗಳು.
ಹೇಳುವಾಗ ನನ್ನ ನಾಲಿಗೆಗೆ ಏನೂ ತಾಗಲಿಲ್ಲ.
ಅವಳು ಟ್ರಂಕು ಮುಚ್ಚಿದಳು, ದೀಪ ಆರಿಸಿದಳು,
ಅಷ್ಟೇ. ನಾನು ಮಲಗಿ ನಿದ್ದೆ ಹೋದೆ.

ಎರಡನೇ ಪಂಕ್ತಿಯ ಹೊತ್ತಿಗೆ ಛತ್ರ ತಲುಪಿದೆ.
ಅಕ್ಕ ಹಿಂದಿನ ಕೋಣೆಯಲ್ಲಿ ಒಬ್ಬಳೇ,
ಊಟದೆಲೆ ಒರೆಸಿ ಒರೆಸಿ ಪೇರಿಸುತ್ತಿದ್ದಳು.
ತಲೆ ಎತ್ತದೆ 'ಸೆರಗಿಗೆ ಮಸಿ ಆಗಿದೆ' ಅಂದಳು.

ಬಾಗಿಲಿಗೆ ಹಳೆಯ ಕಬ್ಬಿಣದ ಚಿಲಕ.
ಒಳಗೆ ಕಾಲಿಡುವ ಮುಂಚೆ ಮುಟ್ಟಿದೆ.
ಚಟ್ ಅಂತು ಉಗುರಿನ ತುದಿಗೆ,
ನನಗೂ ಗೊತ್ತಾಗುವಷ್ಟು.